ಮರಳಿನ ಇಲಿ, ಎರೆ ಹೊಲದ ಇಲಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯ ವನ್ಯಜೀವಿ ಪುಟದಲ್ಲಿ ಥಾರ್ ಮರುಭೂಮಿಯ ಮೂರು ಪುಟ್ಟ ದಂಶಕಗಳ ಚಿತ್ರ ಅಚ್ಚಾಗಿತ್ತು: ಮರುಭೂಮಿ ಜರ್ಬಿಲ್, ರೋಮಪಾದದ ಜರ್ಬಿಲ್, ಬಲೂಚಿಸ್ತಾನ ಜರ್ಬಿಲ್. ಆ ಪುಟ ನೋಡಿ ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರವಿದೆ. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿದ್ದೇವೆ.

ಪ್ರಶ್ನೆ: ನೀವು ಹಾಕಿದ ಚಿತ್ರದಂಥದೇ ಇಲಿ ನಮ್ಮ ಹೊಲದ ಬದುವಿನಾಗ ಅದ. ದೊಡ್ಡ ಕಣ್ಣು, ಬೆಳ್ಳನ ಹೊಟ್ಟಿ, ಬಾಲದ ತುದಿಗೆ ಕರೀ ಕುಚ್ಚು. ಬ್ಯಾಟರಿ ಬೆಳಕು ಬಿಟ್ಟರ ಹಿಂಗಾಲ ಮ್ಯಾಲ ಜಿಗೀತದ. ಮರುಭೂಮಿ ಇಲಿ ಜೇವರ್ಗಿ ತನಕ ಬಂದದೇನು?

ಬಂದಿಲ್ಲ. ನೀವು ನೋಡಿದ್ದು ಅದೇ ಬಳಗದ ಬೇರೆ ಪ್ರಾಣಿ, ಭಾರತೀಯ ಜರ್ಬಿಲ್. ವೈಜ್ಞಾನಿಕ ಹೆಸರು ಟಟೆರಾ ಇಂಡಿಕಾ. ಬಾಲದ ಮೇಲೂ ಕೆಳಗೂ ಕಪ್ಪು ಗೆರೆ, ಎರಡು ಬದಿ ತಿಳಿ ಬಣ್ಣ, ಕೊನೆಗೆ ಕಪ್ಪು ಕುಚ್ಚು. ಇಷ್ಟು ಕಂಡರೆ ನಮ್ಮ ಮೂರು ಜಿಲ್ಲೆಗಳಲ್ಲಿ ಬೇರೆ ಅನುಮಾನವೇ ಬೇಡ. ಬೆಳೆದ ಪ್ರಾಣಿಯ ತಲೆ ಮತ್ತು ಮೈ ಸೇರಿ 15ರಿಂದ 19 ಸೆಂ.ಮೀ., ಬಾಲ ಸಾಮಾನ್ಯವಾಗಿ ಮೈಗಿಂತ ಉದ್ದ, ತೂಕ 100 ಗ್ರಾಂ ದಾಟುತ್ತದೆ. ಪಾದದ ಅಡಿಯಲ್ಲಿ ಕೂದಲಿಲ್ಲ.

ಚಿತ್ರದಲ್ಲಿದ್ದ ಮೂರರ ಪೈಕಿ ಮರುಭೂಮಿ ಜರ್ಬಿಲ್, ಅಂದರೆ ಮೆರಿಯೋನಿಸ್ ಹರಿಯಾನೇ, ರಾಜಸ್ಥಾನ, ಗುಜರಾತ್, ಹರಿಯಾಣದಿಂದ ಪಾಕಿಸ್ತಾನ ದಾಟಿ ಆಗ್ನೇಯ ಇರಾನಿನವರೆಗೆ ಹಬ್ಬಿದೆ. ಅದು ಹಗಲಿನ ಪ್ರಾಣಿ, ಗುಂಪಾಗಿ ಬಿಲ ತೋಡುತ್ತದೆ. ಟಟೆರಾ ಕತ್ತಲಾದ ಮೇಲೆ ಹೊರಬರುವಂಥದು. ಹಾಗಾಗಿ ನೀವು ಬ್ಯಾಟರಿ ಹಿಡಿದು ನೋಡಿದ್ದೇ ಅರ್ಧ ಉತ್ತರ ಕೊಡುತ್ತದೆ. ಹಾಡುಹಗಲು ಬಿಲದ ಮುಂದೆ ಹತ್ತಾರು ಇಲಿಗಳು ನಿಂತು ಕಾಳು ತಿನ್ನುವುದು ಕಂಡರೆ ತಕ್ಷಣ ನಮಗೆ ಬರೆಯಿರಿ, ಅವು ಅಳಿಲುಗಳಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ.

ಉಳಿದೆರಡು ಇನ್ನೂ ಚಿಕ್ಕವು, ತೂಕ ಸುಮಾರು 20 ಗ್ರಾಂ. ರೋಮಪಾದದ ಜರ್ಬಿಲ್ (ಜರ್ಬಿಲಸ್ ಗ್ಲೆಡೋವಿ) ಸಿಂಧೂ ಬಯಲು ಮತ್ತು ಥಾರ್ ಬಿಟ್ಟು ಎಲ್ಲೂ ಇಲ್ಲ. ಅಂಗಾಲಿನ ಕೂದಲು ಅದಕ್ಕೆ ಸಡಿಲ ಮರಳಲ್ಲಿ ಕಾಲು ಹೂಳದಂತೆ ನೋಡಿಕೊಳ್ಳುತ್ತದೆ. ಮರಳು ದಿಬ್ಬ ಮುಗಿದಲ್ಲಿ ಅದರ ನೆಲೆಯೂ ಮುಗಿಯುತ್ತದೆ. ಬಲೂಚಿಸ್ತಾನ ಜರ್ಬಿಲ್ (ಜರ್ಬಿಲಸ್ ನಾನಸ್) ಅರೇಬಿಯಾ, ಇರಾನ್ ಕಡೆಯಿಂದ ವಾಯವ್ಯ ಭಾರತದವರೆಗೆ ಬಂದು ನಿಂತಿದೆ. ಅದರ ಅಂಗಾಲು ಬೋಳು.

ಅವು ಇತ್ತ ಬಾರದಿರಲು ಮಳೆಯೊಂದೇ ಕಾರಣವಲ್ಲ. ಜೈಸಲ್ಮೇರಿನಲ್ಲಿ ವರ್ಷಕ್ಕೆ 200 ಮಿ.ಮೀ. ಮಳೆಯೂ ಆಗುವುದಿಲ್ಲ, ಕಲಬುರಗಿಯಲ್ಲಿ 700 ದಾಟುತ್ತದೆ, ನಿಜ. ಆದರೆ ಬಿಲದಲ್ಲಿ ಬದುಕುವ ಪ್ರಾಣಿಗೆ ಮಳೆಗಿಂತ ಮಣ್ಣು ದೊಡ್ಡದು. ಎರೆ ಮಣ್ಣು ನೀರು ಕುಡಿದು ಉಬ್ಬಿ ಬಿಲದ ಬಾಯಿಯನ್ನೇ ಮುಚ್ಚುತ್ತದೆ. ಬೇಸಿಗೆಯಲ್ಲಿ ಅದೇ ನೆಲ ಆಳುದ್ದ ಬಿರುಕು ಬಿಡುತ್ತದೆ. ಟಟೆರಾ ಕೂಡ ನಮ್ಮಲ್ಲಿ ಎರೆಯ ನಡುವೆ ನಿಲ್ಲದೆ ಬದು, ಮಸಾರಿ, ಮಡ್ಡಿ, ಬೀದರಿನ ಜಂಬಿಟ್ಟಿಗೆ ಅಂಚುಗಳನ್ನೇ ಹಿಡಿಯುವುದು ಇದಕ್ಕೇ. ಆದರೆ ಅದು ಒಗ್ಗಿಕೊಳ್ಳುವ ಪ್ರಾಣಿ. ಸಿರಿಯಾ, ಆಗ್ನೇಯ ಟರ್ಕಿಯಿಂದ ಹಿಡಿದು ಶ್ರೀಲಂಕಾದವರೆಗೆ ಅದರ ವ್ಯಾಪ್ತಿ. ಥಾರಿನಲ್ಲಿ ಆ ಮೂರರ ಜೊತೆಗೂ ಇದೆ, ಜೇವರ್ಗಿಯ ಬದುವಿನಲ್ಲೂ ಇದೆ. ಗೊಂದಲದ ಮೂಲ ಅಲ್ಲಿದೆ.

ಪ್ರಶ್ನೆ: ಪುಸ್ತಕದಲ್ಲಿ ಟಟೆರಾ ಇಂಡಿಕಾ ಮುಂದೆ "(ಹಾರ್ಡ್‌ವಿಕ್, 1807)" ಎಂದು ಆವರಣದೊಳಗೆ ಇದೆ. ಮಸ್ ಪ್ಲಾಟಿಥ್ರಿಕ್ಸ್ ಎಂಬ ಇಲಿಯ ಮುಂದೆ "ಬೆನೆಟ್, 1832" ಎಂದು ಆವರಣವಿಲ್ಲದೆ ಇದೆ. ಅಚ್ಚಿನ ತಪ್ಪೇ? ಇಷ್ಟಕ್ಕೂ ಜರ್ಬಿಲ್ ಇಲಿಯೋ ಅಲ್ಲವೋ? (ಬೀದರ್, ಪದವಿ ವಿದ್ಯಾರ್ಥಿನಿ)

ಅಚ್ಚಿನ ತಪ್ಪಲ್ಲ. ಮೊದಲು ವಿವರಿಸಿದವರು ಇಟ್ಟ ಕುಲದಲ್ಲೇ (ಜೋಡಿ ಹೆಸರಿನ ಮೊದಲ ಪದ) ಪ್ರಾಣಿ ಇಂದಿಗೂ ಇದ್ದರೆ ಹೆಸರು, ಇಸವಿ ಬರಿದಾಗಿ ಬರುತ್ತವೆ. ಆಮೇಲೆ ಬೇರೆ ಕುಲಕ್ಕೆ ಸರಿಸಿದ್ದರೆ ಆವರಣ ಬೀಳುತ್ತದೆ. ಬೆನೆಟ್ 1832ರಲ್ಲಿ ಮಸ್ ಎಂದರು, ಈಗಲೂ ಮಸ್. ಹಾರ್ಡ್‌ವಿಕ್ ಉತ್ತರ ಭಾರತದ ಮಾದರಿ ನೋಡಿ 1807ರಲ್ಲಿ ಇಟ್ಟ ಹೆಸರು ಡೈಪಸ್ ಇಂಡಿಕಸ್. ಡೈಪಸ್ ಎಂದರೆ ಜರ್ಬೋವಾಗಳ ಕುಲ, ಮಧ್ಯ ಏಷ್ಯಾದ ಕುಪ್ಪಳಿಸುವ ದಂಶಕಗಳದು. ಉದ್ದ ಹಿಂಗಾಲು, ಬಾಲದ ಕುಚ್ಚು ನೋಡಿದ ಯಾರಾದರೂ ಅಂದು ಹಾಗೇ ಬರೆಯುತ್ತಿದ್ದರು. ಟಟೆರಾ ಎಂಬ ಕುಲ 1882ರಲ್ಲಿ ಲಾಟಾಸ್ಟ್ ಅವರಿಂದ ಬಂತು. ಮರುಭೂಮಿ ಜರ್ಬಿಲ್ಲಿನದೂ ಇದೇ ಕಥೆ: 1867ರಲ್ಲಿ ಜೆರ್ಡನ್ ಅದನ್ನು ಜರ್ಬಿಲಸ್ ಎಂದರು, ಈಗ ಅದು ಮೆರಿಯೋನಿಸ್, ಆದ್ದರಿಂದ ಆವರಣ.

ಎರಡನೆಯ ಪ್ರಶ್ನೆಗೆ ಉತ್ತರ: ಇಲಿಯೇ. 1758ರಲ್ಲಿ ಲಿನೇಯಸ್ ಇಲಿಯಂಥದ್ದೆಲ್ಲವನ್ನೂ ಮಸ್ ಎಂಬ ಒಂದೇ ಕುಲಕ್ಕೆ ತುಂಬಿದ್ದರು, ಹ್ಯಾಮ್‌ಸ್ಟರ್, ಲೆಮ್ಮಿಂಗ್ ಕೂಡ ಅದರಲ್ಲಿದ್ದವು. ಮುಂದಿನ ಎರಡೂವರೆ ಶತಮಾನ ಆ ಚೀಲ ಬಿಚ್ಚಿ ಬೇರ್ಪಡಿಸುವ ಕೆಲಸವೇ ನಡೆದಿದೆ. ಈಗಿನ ಲೆಕ್ಕದಲ್ಲಿ ಮ್ಯೂರಿಡೇ ಕುಟುಂಬದೊಳಗೆ ಮ್ಯೂರಿನೇ ಒಂದು ಉಪಕುಟುಂಬ: ಮನೆ ಇಲಿ, ಹೆಗ್ಗಣ, ಗದ್ದೆಯ ಚಿಟ್ಟಿಲಿ ಎಲ್ಲ ಇದರಲ್ಲಿ. ಜರ್ಬಿಲ್ಲಿನೇ ಇನ್ನೊಂದು. ಜರ್ಬೋವಾ ಮಾತ್ರ ಡೈಪೋಡಿಡೇ ಎಂಬ ಬೇರೆ ಕುಟುಂಬ. ಅಮೆರಿಕದ ಮರುಭೂಮಿಯ ಕಾಂಗರೂ ಇಲಿಯದು ಹೆಟೆರೋಮೈಯಿಡೇ, ಅದು ಮತ್ತೂ ದೂರ. ಮೂರಕ್ಕೂ ಉದ್ದ ಹಿಂಗಾಲು, ಕುಚ್ಚಿನ ಬಾಲ, ಊದಿದ ಕಿವಿಗುಳ್ಳೆ (ಬುರುಡೆಯಲ್ಲಿ ಕಿವಿಯ ಬಳಿಯ ಗುಳ್ಳೆಯಂಥ ಮೂಳೆ) ಇವೆ. ಬಯಲಲ್ಲಿ ಗೂಬೆಯ ರೆಕ್ಕೆಯ ಸದ್ದು ಕೇಳಿ ಜಿಗಿದು ತಪ್ಪಿಸಿಕೊಳ್ಳಬೇಕಾದ ಪ್ರಾಣಿಗೆ ಇವು ಬೇಕೇಬೇಕು. ನಂಟಿಲ್ಲದವರಲ್ಲೂ ಇವು ಬೇರೆಬೇರೆಯಾಗಿ ಮೂಡಿವೆ. ಆದ್ದರಿಂದ ವರ್ಗೀಕರಣಕ್ಕೆ ಕಾಲು, ಬಾಲ ಸಾಲದು, ಹಲ್ಲು ನೋಡಬೇಕು. ಜರ್ಬಿಲ್ಲಿನ ದವಡೆ ಹಲ್ಲು ಅಡ್ಡ ಪಟ್ಟಿಗಳಾಗಿ ಸವೆದಿರುತ್ತದೆ, ಮಸ್ ಕುಲದ್ದು ಗುಬುಟುಗಳ ಸಾಲು.

ಒಂದು ಎಚ್ಚರಿಕೆ. "ಮೇಲಿನ ಬಾಚಿಹಲ್ಲಲ್ಲಿ ಉದ್ದ ಗೀರಿದ್ದರೆ ಜರ್ಬಿಲ್" ಎಂಬ ಸೂತ್ರವನ್ನು ಕೆಲವು ಕಾಲೇಜು ಟಿಪ್ಪಣಿಗಳು ಹೇಳುತ್ತವೆ. ನಮ್ಮ ನಾಡಿನಲ್ಲಿ ಇದು ಕೈಕೊಡುತ್ತದೆ. ಪೊದೆಗಳಲ್ಲಿ ಇರುವ ಗೊಲುಂಡ ಎಲಿಯೋಟಿಗೂ ಬಾಚಿಹಲ್ಲಲ್ಲಿ ಗೀರಿದೆ, ಅದು ಜರ್ಬಿಲ್ ಅಲ್ಲ, ಮ್ಯೂರಿನೇ. ಗೀರು ಕಂಡರೆ ಬಾಲವನ್ನೂ ನೋಡಿ: ಗೊಲುಂಡದ ಬಾಲಕ್ಕೆ ಕುಚ್ಚಿಲ್ಲ, ಮೈಗಿಂತ ಗಿಡ್ಡ.

ಹಳೆಯ ಪುಸ್ತಕಗಳಲ್ಲಿ ಟಟೆರಾ ಕುಲಕ್ಕೆ ಆಫ್ರಿಕಾದ ಹಲವು ಪ್ರಭೇದಗಳೂ ಸೇರಿವೆ. ಅವನ್ನು ಈಗ ಜರ್ಬಿಲಿಸ್ಕಸ್ ಕುಲಕ್ಕೆ ಒಯ್ದಿದ್ದಾರೆ. ಟಟೆರಾದಲ್ಲಿ ಉಳಿದಿರುವುದು ನಮ್ಮದೊಂದೇ. ಪರೀಕ್ಷೆಯಲ್ಲಿ ಹಳೆಯದನ್ನು ಬರೆದು ಅಂಕ ಕಳೆದುಕೊಳ್ಳಬೇಡಿ.

ಪ್ರಶ್ನೆ: ಟಿ.ವಿ.ಯಾಗ "ಡೆಸರ್ಟ್ ಮೌಸ್" ಅಂತ ಕಣ್ಣಿನ ಸುತ್ತ ಕಿತ್ತಳೆ ಬಣ್ಣದ ಇಲಿ ತೋರಿಸಿದ್ರು. ನಿಮ್ಮ ಪುಟದಾಗ ಅದು ಯಾಕ ಇಲ್ಲ? (ಆಳಂದ)

ಅದು ಭಾರತದ್ದಲ್ಲ, ಆಸ್ಟ್ರೇಲಿಯಾದ್ದು. ಸ್ಯೂಡೊಮಿಸ್ ಡೆಸರ್ಟರ್ ಎಂದು 1932ರಲ್ಲಿ ಟ್ರೌಟನ್ ಹೆಸರಿಟ್ಟರು. ತೂಕ ಸುಮಾರು 25 ಗ್ರಾಂ, ಮೈಮೇಲೆ ಉದ್ದನೆಯ ಕಪ್ಪು ಕಾವಲು ಕೂದಲು (ಒಳಗಿನ ಮೆತ್ತನೆ ರೋಮದಿಂದ ಮೇಲೆ ಚಾಚುವ ಬಿರುಸು ಕೂದಲು), ಕಣ್ಣಿನ ಸುತ್ತ ತಿಳಿ ಕಿತ್ತಳೆ ಉಂಗುರ. ಪಶ್ಚಿಮ ಆಸ್ಟ್ರೇಲಿಯಾ, ಉತ್ತರ ಪ್ರಾಂತ್ಯ, ದಕ್ಷಿಣ ಆಸ್ಟ್ರೇಲಿಯಾ, ಕ್ವೀನ್ಸ್‌ಲ್ಯಾಂಡಿನ ಒಣ ಭಾಗಗಳಲ್ಲಿ ಸ್ಪಿನಿಫೆಕ್ಸ್ ಎಂಬ ಚೂಪು ಹುಲ್ಲಿನ ಗುಪ್ಪೆಗಳ ಆಶ್ರಯದಲ್ಲಿ ಇರುತ್ತದೆ. ಮೊಲೆತೊಟ್ಟು ನಾಲ್ಕೇ, ಹಾಗಾಗಿ ಸೂಲಿಗೆ ಮೂರ್ನಾಲ್ಕು ಮರಿ. ಮನೆಯ ಚಿಟ್ಟಿಲಿಯ ಸಂತಾನಕ್ಕೆ ಇದು ಸಾಟಿಯಲ್ಲ.

ಮಜಾ ಏನೆಂದರೆ ಅದು ಜರ್ಬಿಲ್ ಅಲ್ಲವೇ ಅಲ್ಲ, ಮ್ಯೂರಿನೇ. ಏಷ್ಯಾದ ಕಡೆಯಿಂದ ದ್ವೀಪಗಳ ದಾರಿ ಹಿಡಿದು ಆಸ್ಟ್ರೇಲಿಯಾ ತಲುಪಿದ ಇಲಿಗಳ ಸಂತತಿ. ಜರ್ಬಿಲ್ಲುಗಳು ಅಲ್ಲಿಗೆ ಹೋಗಲೇ ಇಲ್ಲ. ಅಂದರೆ ವಂಶದ ಲೆಕ್ಕದಲ್ಲಿ ಆ ಮರುಭೂಮಿ ಇಲಿ, ನಿಮ್ಮ ಬದುವಿನ ಟಟೆರಾಗಿಂತ ನಿಮ್ಮ ಅಡುಗೆಮನೆಯ ಚಿಟ್ಟಿಲಿಗೆ ಹತ್ತಿರ.

ಪ್ರಶ್ನೆ: ಪರಸಿ ಗಣಿಯ ಒಡೆದ ಕಲ್ಲಿನ ರಾಶಿಯಲ್ಲಿ ಸಣ್ಣ ಇಲಿ ಸಿಗುತ್ತದೆ, ಬೆನ್ನು ಸವರಿದರೆ ಮುಳ್ಳು ಮುಳ್ಳು. ಅಂತರ್ಜಾಲದಲ್ಲಿ ಹುಡುಕಿದರೆ ಅರೇಬಿಯಾದ ಮುಳ್ಳಿಲಿ ಬರುತ್ತದೆ. (ಚಿತ್ತಾಪುರ)

ಅರೇಬಿಯಾದ್ದು ಅಕೋಮಿಸ್. ಅದು ಆಫ್ರಿಕಾ, ಪಶ್ಚಿಮ ಏಷ್ಯಾದಿಂದ ಪಾಕಿಸ್ತಾನದವರೆಗೆ ಇದೆ. ಡಿಯೋಮಿಯಿನೇ ಎಂಬ ಉಪಕುಟುಂಬಕ್ಕೆ ಸೇರಿದ್ದು, ಮಸ್‌ಗಿಂತ ಜರ್ಬಿಲ್ಲಿಗೆ ಹತ್ತಿರ. ನಿಮ್ಮ ಕಲ್ಲಿನ ರಾಶಿಯಲ್ಲಿರುವುದು ಮಸ್ ಕುಲದ್ದೇ, ಪೈರೋಮಿಸ್ ಎಂಬ ಉಪಕುಲ. ಅದರ ಮುಳ್ಳು ನಿಜವಾದ ಮುಳ್ಳಲ್ಲ, ಚಪ್ಪಟೆಯಾದ ಬಿರುಸು ಕೂದಲು.

ಈ ಉಪಕುಲದಲ್ಲಿ ಇತ್ತ ಕಡೆ ಎರಡನ್ನು ಯೋಚಿಸಬೇಕು. ಮಸ್ ಪ್ಲಾಟಿಥ್ರಿಕ್ಸ್ ದಕ್ಷಿಣ ಪ್ರಸ್ಥಭೂಮಿಯದು, ಭಾರತದ ಹೊರಗಿಲ್ಲ. ಮಸ್ ಸ್ಯಾಕ್ಸಿಕೋಲ ಪಾಕಿಸ್ತಾನ, ನೇಪಾಳದಲ್ಲೂ ಇದೆ. ಮೇಲ್ನೋಟಕ್ಕೆ ಎರಡೂ ಒಂದೇ ಥರ. ಫೋಟೋ ನೋಡಿ ಯಾರಾದರೂ ಖಡಾಖಂಡಿತ ಹೇಳಿದರೆ ನಂಬಬೇಡಿ, ತಲೆಬುರುಡೆ ಅಥವಾ ವರ್ಣತಂತು (ಕ್ರೋಮೋಸೋಮ್) ನೋಡದೆ ತೀರ್ಮಾನ ಮಾಡಲಾಗದು. ಮನೆಯ ಚಿಟ್ಟಿಲಿಗೆ ವರ್ಣತಂತು ಸಾಮಾನ್ಯವಾಗಿ 40, ಪ್ಲಾಟಿಥ್ರಿಕ್ಸ್‌ಗೆ 26.

ನೀವು ಗಮನಿಸಬಹುದಾದ್ದು ಬೇರೆ ಇದೆ. ಧಾರವಾಡದಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ 1839ರಲ್ಲಿ ಪ್ರಕಟಿಸಿದ ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳ ಪಟ್ಟಿಯಲ್ಲಿ ಈ ಇಲಿ ಬಿಲದೊಳಗೆ ಸಣ್ಣ ಹರಳುಗಳನ್ನು ಹಾಸಿಕೊಳ್ಳುವುದನ್ನು, ಬಿಲದ ಬಾಯಿಗೆ ಹರಳು ಒಟ್ಟುವುದನ್ನು ವಿವರಿಸಿದ್ದಾರೆ. ಒಂದೇ ಗಾತ್ರದ ಹರಳುಗಳ ಗುಡ್ಡೆ ಬಿಲದ ಮುಂದೆ ಕಂಡರೆ ಕೆದಕುವ ಮೊದಲು ಅಳತೆಪಟ್ಟಿ ಪಕ್ಕಕ್ಕಿಟ್ಟು ಚಿತ್ರ ತೆಗೆಯಿರಿ. ಬೆನ್ನು ಸವರುವ ಅಭ್ಯಾಸ ಬಿಡಿ, ಇಲಿ ಜ್ವರ ಬರುವುದು ಇಲಿಯ ಮೂತ್ರ ತಾಗಿದ ಗಾಯದಿಂದ.

ಪ್ರಶ್ನೆ: ಕಾಲುವೆ ನೀರಿನ ಭತ್ತದ ಗದ್ದೆಯ ಬದುವಿನಲ್ಲಿ ಹೆಬ್ಬೆರಳಿನಷ್ಟು ಇಲಿ. ಮರಿಯೋ, ಬೆಳೆದದ್ದೋ? (ಸುರಪುರ)

ಹಿಂಗಾಲು ಅಳೆಯಿರಿ. ಹಿಮ್ಮಡಿಯಿಂದ ಉದ್ದ ಬೆರಳಿನ ತುದಿವರೆಗೆ, ಉಗುರು ಬಿಟ್ಟು. ಹೆಗ್ಗಣ ಅಥವಾ ಮನೆ ಇಲಿಯ ಮರಿಗೆ ಮೈ ಬೆಳೆಯುವ ಮೊದಲೇ ಪಾದ ಬೆಳೆದಿರುತ್ತದೆ: ತಲೆ ದಪ್ಪ, ಪಾದ 20 ಮಿ.ಮೀ. ದಾಟಿರುತ್ತದೆ. ಗದ್ದೆಯ ಚಿಟ್ಟಿಲಿ, ಮಸ್ ಬೂಡುಗ, ಬೆಳೆದರೂ 10 ಗ್ರಾಂ ಆಸುಪಾಸು, ಪಾದ 17 ಮಿ.ಮೀ. ಒಳಗೆ. ಹೊಟ್ಟೆ ಬಿಳಿ, ಬಾಲ ಹೆಚ್ಚುಕಡಿಮೆ ಮೈಯಷ್ಟೇ ಉದ್ದ.

ಬಾಲ ಮೈಗಿಂತ ಸ್ಪಷ್ಟವಾಗಿ ಗಿಡ್ಡವಿದ್ದರೆ ಮಸ್ ಟೆರಿಕಲರ್ ಎಂದು ಅನುಮಾನಿಸಬಹುದು, ಅಷ್ಟೇ. ಎರಡಕ್ಕೂ ವರ್ಣತಂತು 40, ಆದರೆ ಎಕ್ಸ್ ವರ್ಣತಂತುವಿನ ಆಕಾರ ಬೇರೆ. ಬೂಡುಗದ್ದು ತುದಿಯಲ್ಲಿ ಗಂಟಿರುವ, ಒಂದೇ ತೋಳಿನಂಥದು, ಟೆರಿಕಲರ್‌ನದು ದೊಡ್ಡದು, ಎರಡು ತೋಳಿನದು. ಪ್ರಯೋಗಾಲಯ ಇಲ್ಲದವರು ದಾಖಲೆಯಲ್ಲಿ "ಬೂಡುಗ ಅಥವಾ ಟೆರಿಕಲರ್" ಎಂದೇ ಬರೆಯುವುದು ಪ್ರಾಮಾಣಿಕ.

ಮೂತಿ ಚೂಪಾಗಿ ಉದ್ದವಿದ್ದು ಕಣ್ಣು ಸಾಸಿವೆಯಷ್ಟಿದ್ದರೆ ಅದು ಸುಂಡಿಲಿ. ದಂಶಕವೇ ಅಲ್ಲ, ಹುಳು ತಿನ್ನುತ್ತದೆ, ಬಿಟ್ಟುಬಿಡಿ.

ಪ್ರಶ್ನೆ: ಇಲಿ ಹಿಡಿಯದೆ, ಕೊಲ್ಲದೆ ನಮ್ಮ ತಾಲ್ಲೂಕಿನಲ್ಲಿ ಯಾವ ಯಾವ ಪ್ರಭೇದ ಇವೆ ಎಂದು ಶಾಲಾ ಮಕ್ಕಳಿಂದ ದಾಖಲಿಸಬಹುದೇ? (ಹುಮನಾಬಾದ್, ವಿಜ್ಞಾನ ಶಿಕ್ಷಕ)

ಗೂಬೆಯ ಕೈಯಲ್ಲಿ ಹಿಡಿಸಿ. ಕಣಜ ಗೂಬೆ ಇಲಿಯನ್ನು ಇಡಿಯಾಗಿ ನುಂಗಿ, ಅರಗದ ಮೂಳೆ, ಕೂದಲನ್ನು ಉಂಡೆಯಾಗಿ ಕಾರುತ್ತದೆ. ಹಳೆಯ ವಾಡೆ, ಪಾಳು ಗುಮ್ಮಟ, ಗೋದಾಮಿನ ತೊಲೆಯ ಕೆಳಗೆ ಹೆಬ್ಬೆರಳು ಗಾತ್ರದ ಕಪ್ಪು ಉಂಡೆಗಳು ಬಿದ್ದಿರುತ್ತವೆ. ಕೋಟೆಗಳು ಸಂರಕ್ಷಿತ ಸ್ಮಾರಕಗಳು, ಅಲ್ಲಿ ಅನುಮತಿ ಪಡೆಯಿರಿ. ಗೂಡಿನಲ್ಲಿ ಮರಿಯಿದ್ದರೆ ಆ ಜಾಗ ಬಿಡಿ.

ಕೈಗವಸು, ಮಾಸ್ಕ್ ಹಾಕಿ ಒಂದೊಂದು ಉಂಡೆಯನ್ನು ಬೇರೆ ಕಾಗದದ ಲಕೋಟೆಗೆ ಹಾಕಿ, ಸ್ಥಳ, ದಿನಾಂಕ ಪೆನ್ಸಿಲ್‌ನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಒದ್ದೆಯಾದರೆ ಕದಡುತ್ತದೆ, ಚೀಟಿ ಹೋದ ಮೂಳೆಗೆ ಬೆಲೆಯಿಲ್ಲ. ಪ್ಲಾಸ್ಟಿಕ್ ಚೀಲ ಬೇಡ, ಬೂಷ್ಟು ಹಿಡಿಯುತ್ತದೆ. ಶಾಲೆಯಲ್ಲಿ ಸೋಂಕುನಾಶಕದ ಕೆಲವು ಹನಿ ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ಒಂದು ಗಂಟೆ ನೆನೆಸಿ, ಚಿಮಟದಿಂದ ಕೂದಲು ಬಿಡಿಸಿ. ಕುದಿಸಬೇಡಿ, ಹಲ್ಲು ಕಳಚಿ ಬೀಳುತ್ತವೆ, ಹಲ್ಲಿಲ್ಲದ ದವಡೆಯಿಂದ ಏನೂ ಹೇಳಲಾಗದು. ನೆರಳಲ್ಲಿ ಒಣಗಿಸಿ. ಬಿಳುಪು ಬೇಕಿದ್ದರೆ 3% ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಸ್ವಲ್ಪ ಹೊತ್ತು ಇಡಿ.

ಈಗ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಡಿ ಮೇಲ್ದವಡೆ ನೋಡಿ. ದವಡೆ ಹಲ್ಲು ಪ್ರತಿ ಬದಿಗೆ ಮೂರು. ಮೊದಲನೆಯದು ಉಳಿದೆರಡನ್ನು ಸೇರಿಸಿದ್ದಕ್ಕಿಂತ ಉದ್ದವಿದ್ದರೆ ಮಸ್ ಕುಲ, ಇದು ನೆಚ್ಚಬಹುದಾದ ಗುರುತು. ಬಾಚಿಹಲ್ಲಿನ ಹಿಂಬದಿ ತುದಿಯಲ್ಲಿ ಮೆಟ್ಟಿಲಿನಂಥ ಕಚ್ಚು ಇದ್ದರೆ ಮನೆಯ ಚಿಟ್ಟಿಲಿ. ಬಾಚಿಹಲ್ಲಲ್ಲಿ ಗೀರು, ದವಡೆ ಹಲ್ಲಲ್ಲಿ ಅಡ್ಡ ಪಟ್ಟಿ, ಬುರುಡೆಯ ಹಿಂದೆ ಊದಿದ ಕಿವಿಗುಳ್ಳೆ ಮೂರೂ ಕೂಡಿದರೆ ಟಟೆರಾ. ಹಲ್ಲುಗಳ ನಡುವೆ ಖಾಲಿ ಜಾಗವೇ ಇಲ್ಲದೆ ಚೂಪು ಹಲ್ಲು ಸಾಲಾಗಿದ್ದರೆ ಸುಂಡಿಲಿ.

ಗೂಬೆ ರಾತ್ರಿ ಕೆಲವು ಕಿಲೋಮೀಟರ್ ಅಲೆಯುತ್ತದೆ. ಆದ್ದರಿಂದ ಉಂಡೆ ಸಿಕ್ಕಿದ್ದು ಗುಮ್ಮಟದಲ್ಲಾದರೂ ಇಲಿ ಇದ್ದದ್ದು ಸುತ್ತಲಿನ ಯಾವ ಹೊಲದಲ್ಲೋ. ದಾಖಲೆಯಲ್ಲಿ "ಗೂಬೆ ಉಂಡೆಯಿಂದ" ಎಂದು ಬರೆಯದಿದ್ದರೆ ಮುಂದೆ ನಕ್ಷೆ ಮಾಡುವವರು ಮೋಸ ಹೋಗುತ್ತಾರೆ. ಚಿಂಚೋಳಿ ವನ್ಯಧಾಮದೊಳಗೆ ಮಾತ್ರ ಅರಣ್ಯ ಇಲಾಖೆಯ ಲಿಖಿತ ಅನುಮತಿಯಿಲ್ಲದೆ ಏನನ್ನೂ ಎತ್ತಬೇಡಿ.

ಪ್ರಶ್ನೆ: ಟಟೆರಾದ ವ್ಯಾಪ್ತಿ ತೋರಿಸುವ ನಕ್ಷೆಯಲ್ಲಿ ಇಡೀ ಭಾರತಕ್ಕೆ ಬಣ್ಣ ಬಳಿದಿದ್ದಾರೆ. ಅಂದರೆ ಟಟೆರಾ ಎಲ್ಲ ಊರಲ್ಲೂ ಇದೆಯೇ? (ಅಫಜಲಪುರ)

ಇಲ್ಲ. ಸಿಕ್ಕ ಊರುಗಳ ಹೊರ ಅಂಚನ್ನು ಸೇರಿಸಿ ಒಳಗೆಲ್ಲ ಬಣ್ಣ ತುಂಬುತ್ತಾರೆ. ಭೀಮಾ ದಂಡೆಯ ಎರೆ, ಪಕ್ಕದ ಮಡ್ಡಿ ಎರಡಕ್ಕೂ ನಕ್ಷೆಯಲ್ಲಿ ಒಂದೇ ಬಣ್ಣ.

ಪ್ರಶ್ನೆ: ತೊಗರಿ ಹೊಲದಾಗ ಇಲಿ ಪಾಷಾಣ ಇಟ್ಟೇವಿ. ಮೊದಲ ದಿನ ನಾಕಾರು ಸತ್ತವು, ಆಮ್ಯಾಲ ಒಂದೂ ಮುಟ್ಟವಲ್ದು. ಇಲಿ ಜಾತಿ ಬ್ಯಾರೆ ಆದ್ರ ಔಷಧನೂ ಬ್ಯಾರೆ ಏನು? (ಶಹಾಪುರ)

ಔಷಧ ಬೇರೆಯಲ್ಲ, ಇಡುವ ಕ್ರಮ ಬೇರೆ. ಮೊದಲು ಬಿಲ ಓದಿ. ಬಾಯಿಗೆ ಸಡಿಲ ಮಣ್ಣಿನ ಗುಡ್ಡೆ ಒಟ್ಟಿ ಮುಚ್ಚಿದ್ದರೆ ಸಣ್ಣ ಹೆಗ್ಗಣ, ನೀರಾವರಿ ಇದ್ದಲ್ಲಿ ಇದೇ ಹೆಚ್ಚು. ಬದುವಿನಲ್ಲಿ ದುಂಡನೆಯ ಹಲವು ಬಾಯಿ, ಬಹುಮಟ್ಟಿಗೆ ತೆರೆದೇ ಇದ್ದರೆ ಟಟೆರಾ. ಎರೆ ಬಿರುಕಿನಲ್ಲಿ, ಕಲ್ಲುಗುಪ್ಪೆ ಅಡಿಯಲ್ಲಿ ಆಳವಿಲ್ಲದ ಬಿಲವಾದರೆ ಮೆತ್ತನೆ ರೋಮದ ಹೊಲದ ಇಲಿ, ಮಿಲ್ಲಾರ್ಡಿಯಾ ಮೆಲ್ಟಾಡ.

ಸಂಜೆ ಎಲ್ಲ ಬಿಲ ಮಣ್ಣಿಂದ ಮುಚ್ಚಿ, ಬೆಳಿಗ್ಗೆ ತೆರೆದುಕೊಂಡವನ್ನು ಮಾತ್ರ ಗುರುತು ಹಾಕಿ. ಹೆಗ್ಗಣ ತೆರೆದದ್ದನ್ನು ಮತ್ತೆ ತಾನೇ ಮುಚ್ಚುತ್ತದೆ, ಹೊಸ ಹಸಿ ಮಣ್ಣು ಬಿದ್ದಿದ್ದರೆ ಅದೂ ಜೀವಂತ ಬಿಲವೇ. ಎರಡು ಮೂರು ದಿನ ವಿಷವಿಲ್ಲದೆ, ಎಣ್ಣೆ ಸವರಿದ ಜೋಳದ ನುಚ್ಚು 10 ಗ್ರಾಂ ಪ್ರತಿ ಬಿಲಕ್ಕೆ ಇಡಿ. ನಿಮ್ಮಲ್ಲಿ ಬಿಟ್ಟುಹೋದದ್ದು ಈ ಹಂತವೇ. ರುಚಿ ಹತ್ತದ ಇಲಿ ಚೂರು ಕಚ್ಚಿ ನೋಡುತ್ತದೆ, ಸಾಯುವಷ್ಟು ತಿನ್ನದೆ ನರಳಿ ಬದುಕುತ್ತದೆ, ಮುಂದೆ ಆ ವಾಸನೆಯನ್ನೇ ದೂರವಿಡುತ್ತದೆ. ಆಮೇಲೆ ನುಚ್ಚು 96 ಭಾಗ, ಎಣ್ಣೆ 2, ಸತುವಿನ ಫಾಸ್ಫೈಡ್ (ಜಿಂಕ್ ಫಾಸ್ಫೈಡ್, ಇಲಿ ಪಾಷಾಣ) 2 ಭಾಗ ಕೋಲಿನಿಂದ ಕಲಸಿ. ನೀರು ಬಳಸಬೇಡಿ, ತೇವ ತಾಗಿದರೆ ಫಾಸ್ಫೀನ್ ಅನಿಲ ಹೊರಡುತ್ತದೆ. ಆ ವಿಷಕ್ಕೆ ಪ್ರತಿವಿಷವಿಲ್ಲ, ಬಾಗಿಲು ಹಾಕಿದ ಕೋಣೆಯಲ್ಲಿ, ಮಳೆಯ ದಿನ ಈ ಕೆಲಸ ಬೇಡ. 10 ಗ್ರಾಂ ಕಾಗದದ ಪೊಟ್ಟಣ ಮಾಡಿ ಮೊಳಕೈಯಷ್ಟು ಉದ್ದದ ಕೋಲಿನಿಂದ ಒಳಗೆ ತಳ್ಳಿ ಬಾಯಿ ಮುಚ್ಚಿ. ಹೆಗ್ಗಣದ ಬಿಲವಾದರೆ ಮೊದಲು ಮುಚ್ಚಳದ ಮಣ್ಣು ತೆಗೆದು ನಿಜವಾದ ಸುರಂಗ ಹುಡುಕಬೇಕು. ಗುಡ್ಡೆಯ ಮೇಲೆ ಬಿಟ್ಟ ಪೊಟ್ಟಣ ನವಿಲು, ಬೆಳವದ ಪಾಲಾಗುತ್ತದೆ.

ಈಗಾಗಲೇ ಹೆದರಿದ ಹೊಲದಲ್ಲಿ ಅದೇ ಪಾಷಾಣ ಮತ್ತೆ ಇಟ್ಟು ಪ್ರಯೋಜನವಿಲ್ಲ. 0.005% ಬ್ರೋಮಾಡಿಯೋಲೋನ್ ಬಿಲ್ಲೆ ಬಿಲಕ್ಕೆ 15 ಗ್ರಾಂ ಇಡಿ. ಅದು ಕೆಲವು ದಿನ ತಡವಾಗಿ ಕೊಲ್ಲುವುದರಿಂದ ಇಲಿಗೆ ಯಾವ ತಿಂಡಿಯಿಂದ ಎಂದು ಗೊತ್ತಾಗುವುದಿಲ್ಲ. ಅದಕ್ಕೆ ಪ್ರತಿವಿಷ ವಿಟಮಿನ್ ಕೆ1, ಮನುಷ್ಯರು ಅಥವಾ ನಾಯಿ ತಿಂದರೆ ಪೊಟ್ಟಣದ ಹೆಸರು ವೈದ್ಯರಿಗೆ ತೋರಿಸಿ. ಸತ್ತ ಇಲಿಗಳನ್ನು ದಿನಾ ಆಯ್ದು ಹೂಳದಿದ್ದರೆ ಅವನ್ನು ತಿಂದ ಗೂಬೆಯೂ ಸಾಯುತ್ತದೆ. ತೊಗರಿ ಕಾಯಿ ಕಟ್ಟಿದ ಮೇಲೆ ಮಾತ್ರ ಯಾವ ಆಮಿಷಕ್ಕೂ ಇಲಿ ಬಾರದು, ಹೊಲದ ತುಂಬ ಅದಕ್ಕೆ ಊಟವಿರುತ್ತದೆ. ಬಿತ್ತನೆಗೆ ಮೊದಲು, ಬದು ಖಾಲಿ ಇರುವಾಗ, ಅಕ್ಕಪಕ್ಕದ ಹೊಲದವರೆಲ್ಲ ಒಂದೇ ವಾರದಲ್ಲಿ ಮಾಡಿ. ಒಬ್ಬರೇ ಮಾಡಿದರೆ ಪಕ್ಕದ ಬದುವಿನವು ಆ ಖಾಲಿ ಬಿಲಗಳಿಗೆ ಬಂದು ಸೇರುತ್ತವೆ.